ಕರಾವಳಿಯಲ್ಲಿ ಕಾರಿನ ಚಕ್ರ ಬಿಚ್ಚಿ ಕೂರಿಸುವುದು: ಹಬ್ ಅಂಟದಂತೆ, ನಟ್ ಸಡಿಲಾಗದಂತೆ

ಮಳೆಗಾಲ ಬಂತೆಂದರೆ ಮಂಗಳೂರು, ಉಡುಪಿ ಕಡೆ ಕಾರು ಇಟ್ಟುಕೊಂಡವರ ಬಾಯಲ್ಲಿ ಎರಡು ದೂರು. ಒಂದು: "ನಾಲ್ಕೂ ನಟ್ ಬಿಚ್ಚಿ ಆಯ್ತು ಮಾರಾಯ್ರೆ, ಚಕ್ರ ಮಾತ್ರ ಮಿಸುಕುವುದಿಲ್ಲ." ಇನ್ನೊಂದು: "ಹೋದ ವಾರ ಟಯರ್ ಹಾಕಿಸಿದ್ದು, ಈಗ ಎಂಬತ್ತು ದಾಟಿದರೆ ಸ್ಟೇರಿಂಗ್ ನಡುಗ್ತದೆ."

ಹೆಚ್ಚಿನ ಸಲ ಈ ಎರಡೂ ಹುಟ್ಟುವುದು ಒಂದೇ ಜಾಗದಲ್ಲಿ. ಚಕ್ರದ ಹಿಂದೆ, ರಿಮ್ ಹೋಗಿ ಒರಗುವ ಹಬ್‌ನ ಮುಖ. ಅಂಗೈ ಅಗಲದ ಚಪ್ಪಟೆ ಲೋಹ, ಅಷ್ಟೇ. ಎಲ್ಲರೂ ನಟ್ ನೋಡುತ್ತಾರೆ, ನಟ್ಟಿಗೆ ಎಣ್ಣೆ ಬಿಡುತ್ತಾರೆ, ನಟ್ಟನ್ನೇ ಜೋರಾಗಿ ಬಿಗಿಯುತ್ತಾರೆ. ಆ ಮುಖವನ್ನು ಮಾತ್ರ ಯಾರೂ ಒರೆಸುವುದಿಲ್ಲ. ಅದನ್ನು ಶುಚಿ ಮಾಡಿ, ಒಣಗಿಸಿ, ಸರಿಯಾದ ಕ್ರಮದಲ್ಲಿ ಚಕ್ರ ಕೂರಿಸಿದರೆ ಮೇಲಿನ ದೂರುಗಳಲ್ಲಿ ಮುಕ್ಕಾಲು ಪಾಲು ಬರುವುದೇ ಇಲ್ಲ.

ನಮ್ಮಲ್ಲೇ ಇದು ಯಾಕೆ ಜಾಸ್ತಿ? ವರ್ಷಕ್ಕೆ 3500 ಮಿಲಿಮೀಟರ್‌ಗೂ ಮೀರಿದ ಮಳೆ, ಅದರ ಮೇಲೆ ಉಪ್ಪು ಗಾಳಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದವರಿಗೆ ಗೊತ್ತು, ಅದರಿಂದ ಸುರಿಯುವ ಉಪ್ಪು ನೀರು ನೇರ ನಮ್ಮ ಚಕ್ರಕ್ಕೇ ಬೀಳುತ್ತದೆ. ಮರವಂತೆಯಲ್ಲಂತೂ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಹಬ್ ಕಬ್ಬಿಣದ್ದು, ಅಲಾಯ್ ಚಕ್ರ ಅಲ್ಯೂಮಿನಿಯಂನದ್ದು. ಎರಡು ಬೇರೆ ಲೋಹದ ನಡುವೆ ಉಪ್ಪು ನೀರು ನಿಂತರೆ ಅದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ, ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಕಬ್ಬಿಣದ ತುಕ್ಕೋ, ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಊದಿಕೊಂಡ ತುಕ್ಕು ಮತ್ತು ಬಿಳಿ ಪುಡಿ ಸೇರಿ ರಿಮ್ಮನ್ನು ಹಬ್‌ಗೆ ಕಚ್ಚಿಸಿಬಿಡುತ್ತವೆ.

ಮೊದಲು ಸಾಮಾನು

ಗಾಡಿಯ ಜೊತೆ ಬಂದ ಜಾಕ್ ಮತ್ತು ವೀಲ್ ಸ್ಪ್ಯಾನರ್ ರಸ್ತೆ ಬದಿಯ ತುರ್ತಿಗೆ ಸಾಕು. ಮನೆಯಲ್ಲಿ ಕೆಲಸ ಮಾಡುವುದಾದರೆ ಇಷ್ಟು ಬೇಕು: ಗಟ್ಟಿ ಜಾಕ್, ಕನಿಷ್ಠ ಒಂದು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡಲು ಮರದ ಎರಡು ತುಂಡು, ಜಾಕ್ ಅಡಿಗೆ ಒಂದು ದಪ್ಪ ಹಲಗೆ, ಟಾರ್ಕ್ ರೆಂಚ್ (ಹೊಂದಿಸಿದಷ್ಟು ಬಿಗಿಯಾದ ಕೂಡಲೇ ಟಕ್ ಅನ್ನುವ ಸ್ಪ್ಯಾನರ್), ಸರಿಯಾದ ಅಳತೆಯ ಸಾಕೆಟ್, ತಂತಿ ಬ್ರಷ್, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್, 120 ನಂಬರಿನ ಮರಳು ಕಾಗದ, ಬ್ರೇಕ್ ಕ್ಲೀನರ್ ಸ್ಪ್ರೇ, ಲೋಹ ಒಂದಕ್ಕೊಂದು ಕಚ್ಚದಂತೆ ಹಚ್ಚುವ ಆಂಟಿ-ಸೀಜ್ ಪೇಸ್ಟ್, ಒಂದಿಷ್ಟು ಹಳೇ ಬಟ್ಟೆ. ತುಕ್ಕು ಬಿಡಿಸುವ ಸ್ಪ್ರೇ ಒಂದು ಡಬ್ಬಿ ಇದ್ದರೆ ಒಳ್ಳೇದು.

ಸಾಕೆಟ್ ಅಳತೆ ಗಾಡಿಗೆ ತಕ್ಕಂತೆ ಬೇರೆ. ಮಾರುತಿ, ಹೋಂಡಾ ಗಾಡಿಗಳಿಗೆ ಸಾಮಾನ್ಯವಾಗಿ 19 ಎಂಎಂ, ಹುಂಡೈ ಮತ್ತು ಟೊಯೋಟಾಗೆ 21, ಫೋಕ್ಸ್‌ವ್ಯಾಗನ್, ಸ್ಕೋಡಾಕ್ಕೆ 17. ಆರು ಮೂಲೆಯ ಸಾಕೆಟ್ಟನ್ನೇ ಕೊಳ್ಳಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ನಟ್‌ನ ಅಂಚು ತಿಂದು ಹಾಕುತ್ತದೆ.

ಇಷ್ಟರಲ್ಲಿ ದುಬಾರಿ ಅನ್ನಿಸುವುದು ಟಾರ್ಕ್ ರೆಂಚ್ ಒಂದೇ. ಕೊಳ್ಳಿ ಅನ್ನುತ್ತೇನೆ. ಸೀಟ್ ಕವರಿಗೆ ಕೊಡುವ ದುಡ್ಡಿಗಿಂತ ಕಮ್ಮಿಗೇ ಸಿಗುತ್ತದೆ, ಅಕ್ಕಪಕ್ಕದ ನಾಲ್ಕು ಮನೆಯವರು ಹಂಚಿಕೊಂಡರೂ ಆಯಿತು. ಒಂದೇ ಮಾತು: ಅದನ್ನು ನಟ್ ಬಿಚ್ಚಲು ಬಳಸಬೇಡಿ. ಕೆಲಸ ಮುಗಿದ ಮೇಲೆ ಅಳತೆಯನ್ನು ಕೆಳಗಿನ ಗೆರೆಗೆ ತಿರುಗಿಸಿ ಇಡಿ.

ಹಂತ 1: ಗಾಡಿ ನಿಲ್ಲಿಸುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಸಿಮೆಂಟ್ ಅಂಗಳ ಅಥವಾ ಇಂಟರ್‌ಲಾಕ್ ಹಾಕಿದ ಜಾಗ ಆದೀತು. ಜೂನ್ ಕಳೆದ ಮೇಲೆ ನಮ್ಮ ಕೆಂಪು ಮಣ್ಣು ನೋಡಲು ಗಟ್ಟಿ ಕಂಡರೂ ಗಾಡಿಯ ಭಾರ ಬಿದ್ದ ಕೂಡಲೇ ಜಾಕ್ ಒಂದು ಬದಿಗೆ ವಾಲುತ್ತದೆ. ಬೇರೆ ದಾರಿ ಇಲ್ಲ ಅಂದರೆ ಹಲಗೆ ಹಾಕಿಯೇ ಜಾಕ್ ಇಡಿ.

ಹ್ಯಾಂಡ್‌ಬ್ರೇಕ್ ಎಳೆಯಿರಿ, ಫಸ್ಟ್ ಗೇರಿಗೆ ಹಾಕಿ. ಆಟೋಮ್ಯಾಟಿಕ್ ಆದರೆ ಪಾರ್ಕ್‌ಗೆ. ಇಷ್ಟಕ್ಕೇ ಸಾಕು ಅಂದುಕೊಳ್ಳಬೇಡಿ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಮುಂದಿನ ಒಂದು ಚಕ್ರ ನೆಲ ಬಿಟ್ಟು ಎದ್ದರೆ ಗೇರಿನ ಹಿಡಿತ ಹೋಯಿತು, ಆ ಚಕ್ರ ಸುಮ್ನೆ ತಿರುಗುತ್ತದೆ. ಹಿಂದಿನದು ಎದ್ದರೆ ಹ್ಯಾಂಡ್‌ಬ್ರೇಕ್ ಅರ್ಧ ಹೋಯಿತು. ಹಾಗಾಗಿ ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ, ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಕೊಡಲೇಬೇಕು.

ಹೆದ್ದಾರಿಯಲ್ಲಿ ಪಂಕ್ಚರ್ ಆಗಿದ್ದರೆ ಟಯರ್ ಹಾಳಾದರೂ ಪರವಾಗಿಲ್ಲ, ನಿಧಾನಕ್ಕೆ ಪೂರ್ತಿ ಬದಿಗೆ ಇಳಿಸಿ. ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ಆಟಿ ತಿಂಗಳ ಮಳೆಯಲ್ಲಿ ಹಿಂದಿನವನಿಗೆ ನಿಮ್ಮ ಇಂಡಿಕೇಟರ್ ಕಾಣುವುದೇ ತಡವಾಗಿ.

ಹಂತ 2: ಎತ್ತುವ ಮೊದಲು ನಟ್ ಸಡಿಲಿಸುವುದು

ಚಕ್ರ ನೆಲದ ಮೇಲೆ ಇರುವಾಗಲೇ ಪ್ರತಿ ನಟ್ಟನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ. ಎತ್ತಿದ ಮೇಲೆ ಜಗ್ಗಾಡಿದರೆ ಗಾಡಿ ಜಾಕ್‌ನಿಂದ ಜಾರುತ್ತದೆ. ಇದು ಗೊತ್ತಿದ್ದೂ ಮಾಡುವ ತಪ್ಪು.

ನಟ್ ಬರದಿದ್ದರೆ ಮೊದಲು ಹೊರಗೆ ಕಾಣುವ ತಿರುಪಿನ ಎಳೆಯ ಮೇಲಿನ ಮಣ್ಣು, ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆಯಿರಿ. ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಉದ್ದ ಹಿಡಿಕೆಯ ಸ್ಪ್ಯಾನರಿನಲ್ಲಿ ಒಂದೇ ಸಮ ಒತ್ತಡ ಕೊಡಿ. ಸ್ವಲ್ಪ ಅಲುಗಾಡಿ ಮತ್ತೆ ಬಿಗಿಯಾದರೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತಿರುಗಿಸುತ್ತಾ ಬನ್ನಿ. ಬಲವಂತವಾಗಿ ಒಂದೇ ದಿಕ್ಕಿಗೆ ಎಳೆದರೆ ಸ್ಟಡ್, ಅಂದರೆ ಹಬ್‌ನಿಂದ ಚಾಚಿ ನಟ್ ಹತ್ತುವ ತಿರುಪಿನ ಕಡ್ಡಿ, ತುಂಡಾಗುತ್ತದೆ. ಸ್ಪ್ರೇ ಮಾಡಿದ್ದನ್ನು ವಾಪಸ್ ಜೋಡಿಸುವ ಮೊದಲು ಪೂರ್ತಿ ಒರೆಸಬೇಕು, ಇದನ್ನು ನೆನಪಿಟ್ಟುಕೊಳ್ಳಿ. ಕಾರಣ ಹಂತ 6ರಲ್ಲಿದೆ.

ಕೆಲವು ಗಾಡಿಗಳ ನಟ್ಟಿಗೆ ಹೊಳೆಯುವ ತೆಳು ತಗಡಿನ ಟೋಪಿ ಇರುತ್ತದೆ. ಅದರೊಳಗೆ ನೀರು ಹೋಗಿ ತುಕ್ಕು ಊದಿಕೊಂಡರೆ 19ರ ಸಾಕೆಟ್ ಕೂರುವುದೇ ಇಲ್ಲ, ದೊಡ್ಡದು ಹಾಕಿದರೆ ಜಾರುತ್ತದೆ. ಇಂಥ ನಟ್ ಒಂದು ಸಿಕ್ಕಿದರೂ ಇಡೀ ಸೆಟ್ ಬದಲಿಸಿ, ಟೋಪಿ ಇಲ್ಲದ ಒಂದೇ ತುಂಡಿನ ನಟ್ ಹಾಕಿಸಿ. ರಾತ್ರಿ ಮಳೆಯಲ್ಲಿ ರಸ್ತೆ ಬದಿ ಅದರ ಜೊತೆ ಗುದ್ದಾಡುವ ಕೆಲಸ ಯಾರಿಗೂ ಬೇಡ.

ಹಂತ 3: ಎತ್ತುವುದು

ಬಾಗಿಲಿನ ಅಡಿಯಲ್ಲಿ, ಚಕ್ರದ ಹತ್ತಿರ ಜಾಕ್ ಇಡುವ ಗುರುತು ಇರುತ್ತದೆ. ಅಲ್ಲಿಗೇ ಕೊಡಿ. ಆದರೆ ಹತ್ತು ಹನ್ನೆರಡು ವರ್ಷದ ಕರಾವಳಿ ಗಾಡಿ ಆದರೆ ಆ ಅಂಚನ್ನು ಮೊದಲು ಬೆರಳಿನಿಂದ ಒತ್ತಿ ನೋಡಿ. ಬಣ್ಣದ ಅಡಿ ಗುಳ್ಳೆ ಎದ್ದಿದ್ದರೆ, ಒತ್ತಿದಾಗ ಚೂರು ಉದುರಿದರೆ, ಒಳಗೆ ತಗಡು ತಿಂದು ಹೋಗಿದೆ. ಅಲ್ಲಿ ಜಾಕ್ ಕೊಟ್ಟರೆ ನೇರ ಒಳಗೆ ನುಗ್ಗುತ್ತದೆ.

ಚಕ್ರ ನೆಲ ಬಿಟ್ಟ ಮೇಲೆ ಸ್ಟ್ಯಾಂಡ್ ಇಡಿ. ನಮ್ಮ ಕಡೆ ಅಂಗಳದಲ್ಲಿ ಬಿದ್ದಿರುವ ಮುರಕಲ್ಲು ಅಥವಾ ಟೊಳ್ಳು ಸಿಮೆಂಟ್ ಬ್ಲಾಕ್ ತಂದು ಅಡಿಗೆ ಕೊಡುವ ರೂಢಿ ಇದೆ. ಬೇಡವೇ ಬೇಡ. ನೀರು ಕುಡಿದ ಮುರಕಲ್ಲು ಭಾರ ಬಿದ್ದರೆ ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಸ್ಟೆಪ್ನಿ ಚಕ್ರವನ್ನು ಮಲಗಿಸಿ ಗಾಡಿಯ ಅಂಚಿನಡಿ ತಳ್ಳಿ. ಜಾಕ್ ಕೈ ಕೊಟ್ಟರೂ ಗಾಡಿ ಅದರ ಮೇಲೆ ಕೂರುತ್ತದೆ. ಏನೇ ಆದರೂ ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಕೈ, ಕಾಲು, ತಲೆ ಹಾಕಬೇಡಿ.

ಹಂತ 4: ಅಂಟಿಕೊಂಡ ಚಕ್ರ ಬಿಡಿಸುವುದು

ನಟ್ ಎಲ್ಲ ತೆಗೆದ ಮೇಲೂ ಚಕ್ರ ಬರದಿದ್ದರೆ ಎರಡು ನಟ್ಟನ್ನು ವಾಪಸ್ ನಾಲ್ಕೈದು ಸುತ್ತು ಹತ್ತಿಸಿ. ಚಕ್ರ ತಟಕ್ಕನೆ ಬಿಟ್ಟರೆ ನಿಮ್ಮ ಕಾಲ ಮೇಲೆ ಬೀಳಬಾರದು ಅಲ್ವಾ?

ಆಮೇಲೆ ಮರದ ತುಂಡೊಂದನ್ನು ಟಯರಿನ ಬದಿಗೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಮೇಲೆ ಒಂದು ಪೆಟ್ಟು, ಕೆಳಗೆ ಒಂದು, ಎಡ, ಬಲ. ಪೆಟ್ಟು ಟಯರಿಗೆ ಬೀಳಬೇಕು, ರಿಮ್ಮಿಗೆ ಅಲ್ಲ. ಅಲಾಯ್ ರಿಮ್ಮಿಗೆ ಸುತ್ತಿಗೆ ತಾಗಿದರೆ ಬಿರುಕು ಬಿಡಬಹುದು. ಚಕ್ರ ಮತ್ತು ಹಬ್ ಸೇರುವ ನಡುವಿನ ಉಂಗುರದ ಸುತ್ತ ಸ್ವಲ್ಪ ಸ್ಪ್ರೇ ಬಿಡಿ. ಬ್ರೇಕ್ ಡಿಸ್ಕಿಗೆ ಸಿಡಿದರೆ ತಕ್ಷಣ ಬ್ರೇಕ್ ಕ್ಲೀನರಿನಿಂದ ಒರೆಸಿ.

ಇದಕ್ಕೂ ಬಗ್ಗದಿದ್ದರೆ ಕೊನೆಯ ಉಪಾಯ. ಎಲ್ಲ ನಟ್ಟನ್ನೂ ಕೈಯಲ್ಲಿ ಪೂರ್ತಿ ಹತ್ತಿಸಿ, ಆಮೇಲೆ ಪ್ರತಿಯೊಂದನ್ನೂ ಒಂದು ಸುತ್ತು ಮಾತ್ರ ಬಿಡಿ. ಸ್ಟ್ಯಾಂಡ್ ತೆಗೆದು ಗಾಡಿ ಇಳಿಸಿ, ಮರದ ತುಂಡು ತೆಗೆಯಿರಿ. ಅಂಗಳದಲ್ಲೇ ಎರಡು ಅಡಿ ಮುಂದೆ, ಎರಡು ಅಡಿ ಹಿಂದೆ ನಡೆದಷ್ಟು ನಿಧಾನಕ್ಕೆ ಓಡಿಸಿ ಬ್ರೇಕ್ ಒತ್ತಿ. ಟಕ್ ಎಂದು ಸದ್ದು ಬಂದರೆ ಬಿಟ್ಟಿತು ಅಂತ ಲೆಕ್ಕ. ರಸ್ತೆಗೆ ಮಾತ್ರ ಇಳಿಸಬೇಡಿ. ಗಾಡಿಯ ಅಡಿಗೆ ನುಗ್ಗಿ ಒಳಗಿನಿಂದ ಚಕ್ರವನ್ನು ಒದೆಯುವುದನ್ನು ಪಂಕ್ಚರ್ ಅಂಗಡಿಗಳಲ್ಲಿ ನೋಡಿರುತ್ತೀರಿ. ಆ ಧೈರ್ಯ ನಮಗೆ ಬೇಡ.

ಹಂತ 5: ಹಬ್‌ನ ಮುಖ ತಿಕ್ಕುವುದು

ನಿಧಾನ ಮಾಡಬೇಕಾದ್ದು ಇಲ್ಲಿ. ಚಕ್ರ ತೆಗೆದು ನೋಡಿ. ಹಬ್‌ನ ನಡುವೆ ಮುಂದಕ್ಕೆ ಚಾಚಿದ ದುಂಡು ಅಂಚು ಇರುತ್ತದೆ, ಅದರ ಸುತ್ತ ಸ್ಟಡ್‌ಗಳು ಎದ್ದ ಚಪ್ಪಟೆ ಜಾಗ. ಮಳೆಗಾಲ ಕಳೆದ ಗಾಡಿಯಲ್ಲಿ ಅಲ್ಲಿ ಕಂದು ಹಕ್ಕಳೆ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಹಾಳೆ ಹಾಳೆಯಾಗಿ ಏಳುತ್ತದೆ. ಸ್ಟಡ್ ಬುಡದಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಚಕ್ರದ ಹಿಂಬದಿಯಲ್ಲಿ ಅದೇ ಆಕಾರದ ಗುರುತು, ಅಲಾಯ್ ಆದರೆ ಬಿಳಿ ಪುಡಿ.

ಆ ಹಕ್ಕಳೆಯನ್ನು ಹಾಗೇ ಬಿಟ್ಟು ಚಕ್ರ ಕೂರಿಸಿದರೆ ಏನಾಗುತ್ತದೆ? ನೀವು ನಟ್ಟನ್ನು ಸರಿಯಾದ ಲೆಕ್ಕಕ್ಕೇ ಬಿಗಿಯುತ್ತೀರಿ. ಆದರೆ ಬಿಗಿದದ್ದು ಲೋಹದ ಮೇಲೆ ಅಲ್ಲ, ತುಕ್ಕಿನ ಪುಡಿಯ ಮೇಲೆ. ಗಾಡಿ ಓಡುತ್ತಾ ಪುಡಿ ಅರೆದು ಹೋಗುತ್ತದೆ, ಕೂದಲೆಳೆಯಷ್ಟು ಜಾಗ ಖಾಲಿಯಾಗುತ್ತದೆ, ನಟ್‌ನ ಬಿಗಿ ಕಳೆದುಹೋಗುತ್ತದೆ. "ಸರಿಯಾಗಿ ಬಿಗಿದಿದ್ದೆ, ತಾನಾಗಿ ಸಡಿಲಾಯ್ತು" ಅನ್ನುವವರ ಕತೆ ಬಹುಪಾಲು ಇದೇ. ಇನ್ನು ಹಕ್ಕಳೆ ಒಂದೇ ಬದಿಗೆ ಇದ್ದರೆ ಚಕ್ರ ಓರೆಯಾಗಿ ಕೂರುತ್ತದೆ. ಡಿಸ್ಕ್ ಮತ್ತು ಹಬ್ ನಡುವೆ ತುಕ್ಕು ಸಿಕ್ಕಿಕೊಂಡರೆ ಡಿಸ್ಕೇ ಓರೆ ತಿರುಗಿ ಬ್ರೇಕ್ ಪೆಡಲ್ ಕಾಲಿಗೆ ಮಿಡಿಯುತ್ತದೆ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಇದು ಹೋಗುವುದಿಲ್ಲ.

ಕಬ್ಬಿಣದ ಹಬ್ಬನ್ನು ತಂತಿ ಬ್ರಷ್ಷಿನಿಂದ ತಿಕ್ಕಿ. ಸ್ಟಡ್ ಬುಡದ ಮೂಲೆಗಳಿಗೆ ಹಳೇ ಸ್ಕ್ರೂ ಡ್ರೈವರ್ ತುದಿಗೆ ಮರಳು ಕಾಗದ ಸುತ್ತಿಕೊಂಡು ಹೋಗಿ. ಸ್ಟಡ್‌ನ ಎಳೆಗೆ ಮರಳು ಕಾಗದ ತಾಗಿಸಬೇಡಿ, ಅಲ್ಲಿಗೆ ಬ್ರಷ್ ಮಾತ್ರ. ನಡುವಿನ ದುಂಡು ಅಂಚನ್ನು ಸುತ್ತಲೂ ತಿಕ್ಕಬೇಕು, ಚಕ್ರ ಕಚ್ಚಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಗ್ರೈಂಡರ್ ಬೇಡ, ಲೋಹವನ್ನೇ ತಿಂದು ಮುಖ ಏರುಪೇರು ಮಾಡುತ್ತದೆ. ಅಲಾಯ್ ಚಕ್ರದ ಹಿಂಬದಿಗೆ ಕಬ್ಬಿಣದ ಬ್ರಷ್ ತಾಗಿಸದೆ ಹಸಿರು ಸ್ಕ್ರಬ್ ಬಳಸಿ.

ಎಷ್ಟು ತಿಕ್ಕಿದರೆ ಸಾಕು? ಕನ್ನಡಿಯ ಹಾಗೆ ಹೊಳೆಯಬೇಕಾಗಿಲ್ಲ. ಬೆರಳು ಆಡಿಸಿದಾಗ ಎಲ್ಲೂ ಉಬ್ಬು ಸಿಗಬಾರದು, ಒರೆಸಿದ ಬಟ್ಟೆಗೆ ಕೆಂಪು ಪುಡಿ ಹತ್ತಬಾರದು. ಕಪ್ಪು ಕಲೆ ಉಳಿದರೆ ತೊಂದರೆ ಇಲ್ಲ. ಪುಡಿಯನ್ನು ಬಾಯಲ್ಲಿ ಊದಬೇಡಿ, ಅದರಲ್ಲಿ ಬ್ರೇಕಿನ ಧೂಳೂ ಇರುತ್ತದೆ. ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ.

ಹೊರಗಿನಿಂದ ತಂದ ಅಲಾಯ್ ಹಾಕಿಸಿದವರು ಇನ್ನೊಂದು ನೋಡಬೇಕು. ಚಕ್ರದ ನಡುವಿನ ತೂತು ನಿಮ್ಮ ಹಬ್‌ಗಿಂತ ದೊಡ್ಡದಿದ್ದರೆ ನಡುವೆ ಒಂದು ಉಂಗುರ ಇರಬೇಕು. ಟಯರ್ ಬದಲಿಸುವಾಗ ಅದು ಬಿದ್ದುಹೋಗಿ, ಯಾರೂ ಗಮನಿಸದೆ ಚಕ್ರ ಹಾಕಿಬಿಡುವುದು ಮಾಮೂಲು. ಆಮೇಲೆ ಸ್ಟೇರಿಂಗ್ ನಡುಕ ಶುರು.

ಹಂತ 6: ಪೇಸ್ಟ್ ಎಲ್ಲಿ, ಎಲ್ಲಿ ಬೇಡ

ಆಂಟಿ-ಸೀಜ್ ಪೇಸ್ಟ್ ಹಚ್ಚಬೇಕಾದ್ದು ಎರಡೇ ಕಡೆ: ಹಬ್‌ನ ನಡುವಿನ ದುಂಡು ಅಂಚಿಗೆ, ಮತ್ತೆ ಚಪ್ಪಟೆ ಮುಖಕ್ಕೆ. ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು, ಅದಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದದ್ದು ಚಕ್ರ ತಿರುಗುವಾಗ ಸಿಡಿದು ಬ್ರೇಕ್ ಮೇಲೆ ಬೀಳುತ್ತದೆ. ಅಲಾಯ್ ಚಕ್ರಕ್ಕೆ ತಾಮ್ರದ ಪೇಸ್ಟಿಗಿಂತ ಅಲ್ಯೂಮಿನಿಯಂ ಅಥವಾ ಸೆರಾಮಿಕ್ ಪೇಸ್ಟ್ ಮೇಲು. ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರಿನ ಹತ್ತಿರ ಯಾವುದೂ ತಾಗಬಾರದು.

ಸ್ಟಡ್‌ನ ಎಳೆಗೆ, ನಟ್ ಬಂದು ಕೂರುವ ಇಳಿಜಾರು ತೂತಿಗೆ ಏನೂ ಹಚ್ಚಬೇಡಿ. ಗ್ರೀಸ್ ಇಲ್ಲ, ಎಂಜಿನ್ ಆಯಿಲ್ ಇಲ್ಲ, ತೆಂಗಿನೆಣ್ಣೆ ಇಲ್ಲ. ತೆಂಗಿನೆಣ್ಣೆಯ ಮೇಲೆ ನಮಗಿರುವ ನಂಬಿಕೆ ದೊಡ್ಡದು, ಗೊತ್ತು. ಅದು ಕೆಲವು ತಿಂಗಳಲ್ಲಿ ಅಂಟಂಟಾಗಿ ಧೂಳು ಹಿಡಿದು ಕೂರುತ್ತದೆ.

ಕಾರಣ ಇಷ್ಟು. ನಟ್ ಬಿಗಿಯುವಾಗ ನೀವು ಹಾಕುವ ಬಲದ ದೊಡ್ಡ ಪಾಲು ಎಳೆಗಳ ಮತ್ತು ನಟ್ ಕೂರುವ ಮುಖದ ಉಜ್ಜಾಟದಲ್ಲೇ ಖರ್ಚಾಗುತ್ತದೆ. ಸ್ಟಡ್ಡನ್ನು ನಿಜವಾಗಿ ಎಳೆದು ಹಿಡಿಯಲು ಸಿಗುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಎಳೆಗೆ ಎಣ್ಣೆ ಬಿದ್ದರೆ ಉಜ್ಜಾಟ ಕಮ್ಮಿಯಾಗಿ ಆ ಪಾಲು ಏರುತ್ತದೆ. ರೆಂಚ್ ಅದೇ ಅಂಕಿಗೆ ಟಕ್ ಅನ್ನುತ್ತದೆ, ಒಳಗೆ ಸ್ಟಡ್ ಮಾತ್ರ ಮಿತಿ ಮೀರಿ ಹಿಗ್ಗಿರುತ್ತದೆ. ಕಂಪನಿ ಕೊಟ್ಟ ಅಂಕಿ ಒಣ, ಶುಚಿ ಎಳೆಗೆ ಲೆಕ್ಕ ಹಾಕಿದ್ದು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಮಾತ್ರ ಅದರಂತೆ ಮಾಡಿ.

ಹಂತ 7: ನಟ್ ನೋಡಿ, ಕೈಯಲ್ಲೇ ಹತ್ತಿಸುವುದು

ಚಕ್ರವನ್ನು ಸ್ಟಡ್‌ಗಳ ಮೇಲೆ ನೇರ ಎತ್ತಿ ಕೂರಿಸಿ, ಎಳೆಗಳ ಮೇಲೆ ಎಳೆದಾಡಬೇಡಿ. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಸ್ಟಡ್ ಇಲ್ಲ, ಬೋಲ್ಟ್ ಇರುತ್ತದೆ. ಅಲ್ಲಿ ಚಕ್ರವನ್ನು ಕಾಲಿನಿಂದ ಹಿಡಿದು ಮೇಲಿನ ತೂತಿಗೆ ಮೊದಲು ಬೋಲ್ಟ್ ಹಾಕುವುದು ಸುಲಭ.

ನಟ್‌ನ ಇಳಿಜಾರು ಮುಖ ಚಕ್ರದ ಕಡೆಗೆ ಇರಬೇಕು. ತಿರುಗಿಸಿ ಹಾಕಿದವರನ್ನೂ ನೋಡಿದ್ದೇನೆ. ಎಲ್ಲ ನಟ್ ಒಂದೇ ಥರ ಅಲ್ಲ: ಕೆಲವು ಇಳಿಜಾರು, ಹೋಂಡಾದ್ದು ಗುಂಡಗಿನ ಮುಖ, ಕೆಲವು ಟೊಯೋಟಾ ಅಲಾಯ್‌ಗೆ ಚಪ್ಪಟೆ ವಾಷರಿನದ್ದು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ತುದಿಯಷ್ಟೇ ತಾಗುತ್ತದೆ, ನಿಲ್ಲುವುದಿಲ್ಲ.

ಎಳೆಯ ಅಂತರವೂ ಬೇರೆ. ಮಾರುತಿಗೆ ಸಾಮಾನ್ಯವಾಗಿ ಎಂ12 × 1.25, ಹುಂಡೈ, ಹೋಂಡಾ, ಟೊಯೋಟಾಗೆ ಎಂ12 × 1.5. ಕಣ್ಣಿಗೆ ಎರಡೂ ಒಂದೇ. ಅಂಗಡಿಯ ಡಬ್ಬಿಯಿಂದ ಸಿಕ್ಕಿದ ನಟ್ ತೆಗೆದು ಏರ್ ಗನ್ನಿನಲ್ಲಿ (ಗಾಳಿಯ ಬಲದಲ್ಲಿ ನಟ್ ತಿರುಗಿಸುವ ಯಂತ್ರ) ಹೊಡೆದರೆ ಮೊದಲೆರಡು ಸುತ್ತಿಗೇ ಎಳೆ ಹರಿಯುತ್ತದೆ. ಆದ್ದರಿಂದಲೇ ಪ್ರತಿ ನಟ್ಟನ್ನೂ ಬೆರಳಿನಲ್ಲಿ ಹತ್ತಿಸಬೇಕು. ಸರಿ ಎಳೆ, ಶುಚಿ ಎಳೆ ಆದರೆ ಬೆರಳಿಗೇ ಪೂರ್ತಿ ಒಳಗೆ ಹೋಗುತ್ತದೆ. ಎರಡನೇ ಸುತ್ತಿಗೇ ಬಿಗಿಯಾದರೆ ನಿಲ್ಲಿಸಿ, ಹಿಂದೆ ತೆಗೆಯಿರಿ, ನೋಡಿ. ಸುತ್ತು ಎಣಿಸಿಕೊಳ್ಳಿ: 1.5ರ ಎಳೆಗೆ ಕನಿಷ್ಠ ಎಂಟು, 1.25ಕ್ಕೆ ಹತ್ತರ ಹತ್ತಿರ ಸುತ್ತು ಹೋಗಬೇಕು. ಕಮ್ಮಿ ಹೋದರೆ ಸ್ಟಡ್ ಗಿಡ್ಡ ಅಥವಾ ಚಕ್ರ ಪೂರ್ತಿ ಕೂತಿಲ್ಲ.

ಹಂತ 8: ಬಿಗಿಯುವುದು

ಚಕ್ರ ಗಾಳಿಯಲ್ಲಿ ಇರುವಾಗ ಎಲ್ಲ ನಟ್ಟನ್ನೂ ಸ್ಪ್ಯಾನರಿನಲ್ಲಿ ಹಗುರವಾಗಿ ಕೂರಿಸಿ. ಒಂದಾದ ಮೇಲೆ ಅದರ ಎದುರಿನದು. ನಾಲ್ಕು ನಟ್ ಆದರೆ ಕತ್ತರಿ ಆಕಾರ, ಐದಾದರೆ ನಕ್ಷತ್ರ ಬಿಡಿಸುವ ಕ್ರಮ. ಸಾಲಾಗಿ ಬಿಗಿದರೆ ಚಕ್ರ ಒಂದು ಬದಿಗೆ ಒತ್ತಿ ಅಲ್ಲೇ ಓರೆಯಾಗಿ ನಿಲ್ಲುತ್ತದೆ. ನಡುವೆ ಒಮ್ಮೆ ಚಕ್ರವನ್ನು ಕೈಯಲ್ಲಿ ಅಲುಗಾಡಿಸಿ, ಹಬ್‌ಗೆ ಪೂರ್ತಿ ಒರಗಿದೆಯಾ ನೋಡಿ.

ಗಾಡಿಯನ್ನು ಟಯರ್ ನೆಲಕ್ಕೆ ತಾಗುವಷ್ಟು ಇಳಿಸಿ. ಟಾರ್ಕ್ ರೆಂಚ್ ತೆಗೆದುಕೊಂಡು ಎಲ್ಲ ನಟ್ಟನ್ನೂ ಅರ್ಧ ಲೆಕ್ಕಕ್ಕೆ ಒಂದು ಸಲ, ಪೂರ್ತಿ ಲೆಕ್ಕಕ್ಕೆ ಇನ್ನೊಂದು ಸಲ ಬಿಗಿಯಿರಿ, ಅದೇ ಎದುರುಬದುರು ಕ್ರಮದಲ್ಲಿ. ಟಕ್ ಅಂದ ಮೇಲೆ ಸಾಕು. "ಇನ್ನೊಂದು ಸಲ ಇರಲಿ" ಅಂತ ಮೂರು ಸಲ ಟಕ್ ಟಕ್ ಮಾಡಿದರೆ ಲೆಕ್ಕ ಏರುತ್ತದೆ.

ಅಂಕಿ ನಿಮ್ಮ ಗಾಡಿಯ ಪುಸ್ತಕದಲ್ಲೇ ಇದೆ, ಅದನ್ನೇ ಹಿಡಿಯಿರಿ. ಸುಮಾರಾಗಿ ಹೇಳುವುದಾದರೆ ಸಣ್ಣ, ಮಧ್ಯಮ ಕಾರುಗಳಿಗೆ 85ರಿಂದ 120 ನ್ಯೂಟನ್ ಮೀಟರ್ ಒಳಗೆ ಬರುತ್ತದೆ. ಪುಸ್ತಕದಲ್ಲಿ ಕೆಜಿ ಮೀಟರ್ ಲೆಕ್ಕ ಕೊಟ್ಟಿದ್ದರೆ ಹತ್ತು ಅಂದರೆ 98 ನ್ಯೂಟನ್ ಮೀಟರ್.

ರಸ್ತೆ ಬದಿಯಲ್ಲಿ ಟಾರ್ಕ್ ರೆಂಚ್ ಇಲ್ಲ, ಸರಿ. ಒಂದು ಅಡಿ ಉದ್ದದ ಸ್ಪ್ಯಾನರ್ ತುದಿಗೆ 35 ಕೆಜಿ ಭಾರ ಬಿದ್ದರೆ ಸುಮಾರು 105 ನ್ಯೂಟನ್ ಮೀಟರ್ ಆಗುತ್ತದೆ. ಅಂದರೆ ಕೈಯಿಂದ ಗಟ್ಟಿಯಾಗಿ ಒತ್ತಿದಷ್ಟು. 70 ಕೆಜಿಯ ಮನುಷ್ಯ ಅದರ ಮೇಲೆ ಹತ್ತಿ ನಿಂತರೆ 210 ಹತ್ತಿರ ಹೋಯಿತು, ಬೇಕಾದದ್ದರ ಎರಡು ಪಟ್ಟು. ಕಾಲಲ್ಲಿ ತುಳಿದು ಬಿಗಿದ ನಟ್ ಮುಂದಿನ ಸಲ ಬಿಚ್ಚಲು ಬರುವುದಿಲ್ಲ, ಬಂದರೆ ಸ್ಟಡ್ ಸಮೇತ ಬರುತ್ತದೆ.

ಟಯರ್ ಅಂಗಡಿಯಲ್ಲಿ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ಏರ್ ಗನ್ನಿನಲ್ಲಿ ಬಿಚ್ಚಲಿ, ಬೇಜಾರಿಲ್ಲ. ಹಾಕುವಾಗ ಮಾತ್ರ, "ಮೊದಲು ಕೈಯಲ್ಲಿ ಹತ್ತಿಸಿ ಮಾರಾಯ್ರೆ, ಹಬ್ ಒಂಚೂರು ಬ್ರಷ್ ಮಾಡಿ, ಕೊನೆಗೆ ಟಾರ್ಕ್ ಹಾಕಿ" ಅನ್ನಿ. ಬ್ರಷ್ ನೀವೇ ಕೈಗೆ ಕೊಟ್ಟರೆ ಇಲ್ಲ ಅನ್ನುವವರು ಕಮ್ಮಿ.

ಹಂತ 9: 50ರಿಂದ 100 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ

ಹೊಸದಾಗಿ ಕೂರಿಸಿದ ಚಕ್ರ ಸ್ವಲ್ಪ ಓಡಿದ ಮೇಲೆ ಒಳಗೆ ಕೂರುತ್ತದೆ. ಮಂಗಳೂರಿನಿಂದ ಉಡುಪಿಗೆ ಒಂದು ಸಲ ಮುಟ್ಟಿದರೆ ಈ ದೂರ ಆಯಿತು. ಚಕ್ರ ತಣ್ಣಗಾದ ಮೇಲೆ ಅದೇ ಅಂಕಿಗೆ ನೋಡಿ. ಯಾವುದಾದರೂ ನಟ್ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿದರೆ ಸುಮ್ನೆ ಬಿಗಿದು ಬಿಡಬೇಡಿ. ಒಳಗೆ ತುಕ್ಕೋ, ಮಣ್ಣೋ, ಬಣ್ಣವೋ ಉಳಿದಿದೆ. ಬಿಚ್ಚಿ ಹಂತ 5ರಿಂದ ಮತ್ತೆ ಮಾಡಿ. ಚಕ್ರ ಬದಲಿಸಿ ಮರುದಿನವೇ ಶಿರಾಡಿ, ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಹತ್ತುವವರು ಘಾಟಿಗೆ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಚಕ್ರ ಬಿಚ್ಚಿರುವಾಗಲೇ: ಬ್ರೇಕಿನ ಜಾಮ್

ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ಎರಡು ಪಿನ್ ಮೇಲೆ ಜಾರುತ್ತದೆ. ರಬ್ಬರ್ ಹರಿದು ನೀರು ಹೋದರೆ ಪಿನ್ ಜಾಮ್. ಆಗ ಒಂದು ಪ್ಯಾಡ್ ಬೇಗ ಸವೆಯುತ್ತದೆ, ಇನ್ನೊಂದು ಹೊಸದರಂತೆ ಇರುತ್ತದೆ. ಪಿನ್‌ಗೆ ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಬೇಕು. ಮಾಮೂಲಿ ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಊದಿ ಮತ್ತೆ ಜಾಮ್ ಆಗುತ್ತದೆ. ಕ್ಯಾಲಿಪರ್ ಬಿಚ್ಚಿದರೆ ಹೋಸ್ ಪೈಪಿನ ಮೇಲೆ ನೇತು ಹಾಕದೆ ತಂತಿಯಲ್ಲಿ ಕಟ್ಟಿ. ಅಭ್ಯಾಸ ಇಲ್ಲದಿದ್ದರೆ ಇದನ್ನು ಮೆಕ್ಯಾನಿಕ್‌ಗೇ ಬಿಡಿ.

ಹಿಂದಿನ ಡ್ರಮ್ ಬರದಿದ್ದರೆ ಮೊದಲು ಮರದ ತುಂಡು ಸರಿಯಾಗಿ ಕೊಟ್ಟಿದ್ದೀರಾ ನೋಡಿ, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಅನೇಕ ಡ್ರಮ್‌ಗಳ ಮುಖದಲ್ಲಿ ಎಳೆ ಇರುವ ಎರಡು ಸಣ್ಣ ತೂತು ಇರುತ್ತವೆ. ಅವಕ್ಕೆ ಸಾಮಾನ್ಯವಾಗಿ 8 ಎಂಎಂ ಬೋಲ್ಟ್. ಎರಡನ್ನೂ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿಯುತ್ತಾ ಹೋದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ಸುತ್ತಿಗೆಯಲ್ಲಿ ಅಂಚಿಗೆ ಬಡಿದರೆ ಎರಕದ ಡ್ರಮ್ ಒಡೆಯುತ್ತದೆ.

ಮಳೆಗಾಲದಲ್ಲಿ ಗಾಡಿಯನ್ನು ಕೆಲವು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಒದ್ದೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗ, ಗೇರ್, ಚಕ್ರಕ್ಕೆ ಮರದ ತುಂಡು, ಇಷ್ಟು ಸಾಕು. ಗಾಡಿ ತೊಳೆದ ದಿನವೂ ಹಾಗೇ: ಸ್ವಲ್ಪ ಓಡಿಸಿ, ಬ್ರೇಕ್ ಎರಡು ಮೂರು ಸಲ ಒತ್ತಿ ಒಣಗಿಸಿ, ಆಮೇಲೆ ನಿಲ್ಲಿಸಿ. ಒಂದು ರಾತ್ರಿಯ ಮಳೆಗೆ ಡಿಸ್ಕ್ ಮೇಲೆ ಕಾಣುವ ತೆಳು ಕಿತ್ತಳೆ ತುಕ್ಕಿಗೆ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ವರ್ಷದ ಲೆಕ್ಕ

ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಮೊದಲು ಒಮ್ಮೆ, ದೀಪಾವಳಿ ಕಳೆದು ಮಳೆ ನಿಂತ ಮೇಲೆ ಒಮ್ಮೆ ನಾಲ್ಕೂ ಚಕ್ರ ಬಿಚ್ಚಿ ಹಂತ 5, 6 ಮಾಡಿದರೆ ಹೆಚ್ಚಿನವರಿಗೆ ಸಾಕು. ಮಲ್ಪೆ, ಉಳ್ಳಾಲ, ಪಡುಬಿದ್ರಿಯಂಥ ಕಡೆ ಕಡಲಿಗೆ ಅಂಟಿದ ಮನೆಯವರು ಮಳೆಗಾಲದ ನಡುವೆ ಇನ್ನೊಂದು ಸಲ ಮಾಡಿ. ಟಯರ್ ರೊಟೇಶನ್ ಜೊತೆಗೇ ಮುಗಿಸಬಹುದು.

ಬೀಚ್ ಮರಳಿನ ಮೇಲೆ ಗಾಡಿ ಇಳಿಸಿದ್ದರೆ ಅದೇ ದಿನ ಚಕ್ರದ ಒಳಬದಿಗೆ ಸಿಹಿ ನೀರು ಹೊಡೆಯಿರಿ. ಎಪ್ರಿಲ್, ಮೇಯಲ್ಲಿ ಕಡಲ ಬದಿಯ ಬಾವಿ ನೀರು ಉಪ್ಪಾಗುತ್ತದೆ. ಆ ನೀರಲ್ಲಿ ತೊಳೆದರೆ ತೊಳೆಯದೇ ಇದ್ದದ್ದೇ ವಾಸಿ.

ಸ್ಟೆಪ್ನಿ ಮರೆಯಬೇಡಿ. ಇನ್ನೋವಾ, ಎರ್ಟಿಗಾದಂಥ ಗಾಡಿಗಳಲ್ಲಿ ಅದು ಹಿಂದೆ ಅಡಿಯಲ್ಲಿ ನೇತಾಡುತ್ತದೆ. ರಸ್ತೆಯ ಎಲ್ಲ ನೀರೂ ಅದರ ಮೇಲೇ. ಇಳಿಸುವ ತಿರುಪು ತುಕ್ಕು ಹಿಡಿದರೆ ಒಳ್ಳೇ ಸ್ಟೆಪ್ನಿ ಇದ್ದೂ ಕೈಗೆ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಪೂರ್ತಿ ಇಳಿಸಿ, ಸರಪಳಿಗೆ ಗ್ರೀಸ್ ಹಚ್ಚಿ ಏರಿಸಿ. ಇಲ್ಲಿ ಗ್ರೀಸ್ ಧಾರಾಳ ಹಚ್ಚಬಹುದು.

ಗಾಡಿ ನಿಲ್ಲಿಸಿ ನೋಡಬೇಕಾದ ಸೂಚನೆಗಳು

ನಟ್ ಸುತ್ತ ರಿಮ್ ಮೇಲೆ ಕೆಂಪು ಗೆರೆಗಳು ಹೊರಮುಖವಾಗಿ ಹರಿದಂತೆ ಕಂಡರೆ ನಟ್ ಸಡಿಲ ಇದೆ. ಒಳಗೆ ಲೋಹ ಉಜ್ಜಿ ಬರುವ ಪುಡಿ ಅದು. ನಿಧಾನಕ್ಕೆ ಹೋಗುವಾಗ ಚಕ್ರದಿಂದ ಟಕ್ ಟಕ್ ಸದ್ದು, ತಿರುವಿನಲ್ಲಿ ಅದು ಜೋರಾಗುವುದು, ಸ್ಟೇರಿಂಗಿನಲ್ಲಿ ಇದ್ದಕ್ಕಿದ್ದಂತೆ ಶುರುವಾದ ನಡುಕ, ಇವು ಬಂದರೆ ಮನೆ ಮುಟ್ಟುವವರೆಗೆ ಕಾಯಬೇಡಿ. ಅಲ್ಲೇ ಬದಿಗೆ ನಿಲ್ಲಿಸಿ ನಟ್ ನೋಡಿ.

ಓಡಿಸಿ ಬಂದ ಮೇಲೆ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಬದಿ ಮಾತ್ರ ಬಿಸಿ ಹೊಡೆದರೆ, ಸುಟ್ಟ ವಾಸನೆ ಬಂದರೆ, ಗಾಡಿ ಒಂದು ಬದಿಗೆ ಎಳೆದರೆ ಅಲ್ಲಿ ಬ್ರೇಕ್ ಜಾಮ್ ಇದೆ.

ರಿಮ್‌ನ ನಟ್ ತೂತು ದುಂಡಗಿಲ್ಲದೆ ಮೊಟ್ಟೆ ಆಕಾರಕ್ಕೆ ಹಿಗ್ಗಿದ್ದರೆ ಆ ರಿಮ್ ಮುಗಿಯಿತು, ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಬಿಗಿಯುವಾಗ ನಟ್ ತಿರುಗುತ್ತಲೇ ಇದ್ದು ರೆಂಚ್ ಟಕ್ ಅನ್ನದಿದ್ದರೆ ಸ್ಟಡ್ ಹಿಗ್ಗುತ್ತಿದೆ ಅಥವಾ ಎಳೆ ಹರಿದಿದೆ. ಅಂಥ ಸ್ಟಡ್ಡನ್ನು ಬದಲಿಸಲೇಬೇಕು. ಸ್ಟಡ್ ಒಂದು ತುಂಡಾದರೆ ಉಳಿದವು ಅದರ ಭಾರ ಹೊತ್ತಿರುತ್ತವೆ, ಹಾಗಾಗಿ ಅಕ್ಕಪಕ್ಕದ ಎರಡನ್ನೂ ಜೊತೆಗೇ ಹಾಕಿಸಿ. ನಾಲ್ಕು ನಟ್‌ನ ಚಕ್ರದಲ್ಲಿ ಮೂರೇ ಉಳಿದಿದ್ದರೆ ಆ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗದೆ, ಮೆಕ್ಯಾನಿಕ್‌ನ್ನೇ ಸ್ಟಡ್ ಸಮೇತ ಗಾಡಿ ಇದ್ದಲ್ಲಿಗೆ ಕರೆಸಿ.